ಮೂರು ತಾಲ್ಲೂಕಿಗೆ ಹಂಚಿಹೋದ ಓವನ್

ರಿಪ್ಪನ್‌ಪೇಟೆಯ ಮೇಲೆ ಇವತ್ತು ಮಂಜು ದಟ್ಟವಾಗಿ ಕೂತಿದೆ. ಸಾಗರದ ಮೊದಲ ಬಸ್ಸು ಹಾರನ್ ಹೊಡೆಯುವುದು ಕೇಳುತ್ತದೆ, ಬಸ್ಸು ಕಾಣುವುದಿಲ್ಲ. ಪುಷ್ಯ ಮಾಸದ ಚಳಿ. ತಗಡಿನ ಮಾಡಿನಿಂದ ಇಬ್ಬನಿ ಒಂದೊಂದೇ ಹನಿಯಾಗಿ ಮಗುಚಿಟ್ಟ ಬಕೆಟ್ಟಿನ ಮೇಲೆ ಬೀಳುತ್ತಿದೆ. ಆ ಮಾಡಿನ ಕೆಳಗೆ, ಹಳದಿ ಬಲ್ಬಿನ ಬೆಳಕಿನಲ್ಲಿ, ಹೂವಪ್ಪ ಒಂದು ದೊಡ್ಡ ಓವನ್ನಿನ ಬೆನ್ನಿನ ಕಡೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ತಲೆಕೂದಲು ಒಣಗಿಸುವ ಹೇರ್ ಡ್ರೈಯರ್. ಅದರ ಬಿಸಿಗಾಳಿಯನ್ನು ಓವನ್ನಿನ ವೈರುಗಳಿಗೆ ಊದುತ್ತಿದ್ದಾರೆ. ಮಂಜಿನ ದಿನ ಇಷ್ಟು ಮಾಡದೆ ಅವರು ಯಾವ ಯಂತ್ರಕ್ಕೂ ಕರೆಂಟು ಕೊಡುವುದಿಲ್ಲ.

"ರಾತ್ರಿಯೆಲ್ಲ ಥಂಡಿ ಕುಡಿದಿರ್ತದೆ ಇದು, ನಮ್ಮ ಹಾಗೇ. ಮೊದ್ಲು ಬೆಚ್ಚಗಾಗ್ಲಿ, ಆಮೇಲೆ ಮಾತು" ಅನ್ನುತ್ತಾರೆ.

ಗೋಡೆಯ ಮೇಲಿನ ದೇವರ ಪಟಕ್ಕೆ ಹೆಂಡತಿ ತುಂಗಮ್ಮ ದೀಪ ಹಚ್ಚಿ, ಉಪಕರಣದ ಚೀಲಕ್ಕೂ ಒಂದು ದಾಸವಾಳ ಏರಿಸಿ ಹೋಗುತ್ತಾರೆ. ಹೂವಪ್ಪ ಎದ್ದು ಬಂದು ಪಟದ ಮುಂದೆ ಕೈ ಮುಗಿಯುತ್ತಾರೆ. ಕಣ್ಣು ಮುಚ್ಚುವುದಿಲ್ಲ, ತುಟಿ ಅಲುಗುವುದಿಲ್ಲ.

"ಐದು ವರ್ಷ ಆಯ್ತು, ಇವರು ದೇವರ ಹತ್ರ ಏನೂ ಕೇಳಲ್ಲ" ಎಂದು ತುಂಗಮ್ಮ ಒಳಗಿನಿಂದಲೇ ಹೇಳುತ್ತಾರೆ. "ಸುಮ್ನೆ ಹಾಜರಿ ಹಾಕಿ ಬರ್ತಾರೆ, ಶಾಲೆ ಮಕ್ಕಳ ಹಾಗೆ."

"ಕೇಳೋಕೆ ಮುಖ ಬೇಕಲ್ಲ" ಎಂದು ಹೂವಪ್ಪ ಚೀಲ ಹೆಗಲಿಗೇರಿಸುತ್ತಾರೆ.

ಬಲ್ಬಿನ ಕೆಳಗೆ ಕೂತಿರುವ ಓವನ್ನು ಅವರದಲ್ಲ. ಕವಲೇದುರ್ಗದ ಕೋಟೆಯ ಕೆಳಗಿನ ಊರಲ್ಲಿರುವ ಮಹಾಲಕ್ಷ್ಮೀ ಎಂಬ ಹೆಂಗಸಿನದು. ಆರು ವರ್ಷದ ಹಿಂದೆ ಅದು ಬಿಸಿಯಾಗುವುದಿಲ್ಲವೆಂದು ಆಕೆ ಕರೆಸಿದಾಗ, ಇದು ಸತ್ತಿದೆ ಎಂದು ತೀರ್ಪು ಕೊಟ್ಟು, ಬಿಡಿಭಾಗಕ್ಕೆಂದು ಹೊತ್ತು ತಂದವರು ಹೂವಪ್ಪನವರೇ. ಅದು ಸತ್ತಿರಲಿಲ್ಲ. ಇವತ್ತು ಸಂಜೆಯೊಳಗೆ ಅದನ್ನು ಆಕೆಯ ಮನೆಗೆ ಮುಟ್ಟಿಸಬೇಕೆಂದು ಅವರು ಹೊರಟಿದ್ದಾರೆ. ಆದರೆ ಓವನ್ನಿನ ಬೆನ್ನಿನಲ್ಲಿ ಇನ್ನೂ ಒಂದು ಜಾಗ ಖಾಲಿ ಇದೆ. ಅಲ್ಲಿ ಕೂರಬೇಕಾದ ಫ್ಯಾನು ಸಾಗರದ ಒಂದು ಮನೆಯಲ್ಲಿ ತಿರುಗುತ್ತಿದೆ.

ತಮ್ಮ ಬಗ್ಗೆ ಬರೆಯುವುದಾದರೆ ಈ ಸಂಗತಿಯನ್ನೂ ಬರೆಯಬೇಕು, ಇಲ್ಲವಾದರೆ ಬರೆಯುವುದೇ ಬೇಡ ಎನ್ನುವುದು ಹೂವಪ್ಪನವರ ಷರತ್ತು.

ಅವರಿಗೀಗ ಐವತ್ತೇಳು. ಓದಿದ್ದು ಏಳನೇ ಕ್ಲಾಸು. ಹದಿನಾರರಲ್ಲಿ ಶಿವಮೊಗ್ಗದ ಒಂದು ಫ್ರಿಜ್ ರಿಪೇರಿ ಅಂಗಡಿಗೆ ಸೇರಿ, ಶಿವರಾಮ ಎಂಬ ಮೇಸ್ತ್ರಿಯ ಕೈಕೆಳಗೆ ಹನ್ನೊಂದು ವರ್ಷ ದುಡಿದು, ಊರಿಗೆ ಮರಳಿದರು. ಹೊರಡುವ ದಿನ ಮೇಸ್ತ್ರಿ ತಮ್ಮದೇ ಸ್ಕ್ರೂಡ್ರೈವರನ್ನು ಅವರ ಕೈಗೆ ಹಾಕಿದ್ದರು. ಮೊಳದುದ್ದದ್ದು, ಬೀಟೆ ಮರದ ಹಿಡಿ. ಹೂವಪ್ಪನವರ ಚೀಲದಲ್ಲಿ ಸಾಮಾನು ಸಿಕ್ಕಿಸಲು ಒಂಬತ್ತು ಚರ್ಮದ ಕುಣಿಕೆಗಳಿವೆ. ಎಂಟರಲ್ಲಿ ಎಂಟು ಸಾಮಾನು. ಒಂಬತ್ತನೆಯದು ಆರು ವರ್ಷದಿಂದ ಬರಿದು. ಕೇಳಿದವರಿಗೆಲ್ಲ "ಎಲ್ಲೋ ಬಿಟ್ಟೆ ಮಾರಾಯ್ರೆ" ಅನ್ನುತ್ತಿದ್ದರು. ಎಲ್ಲಿ ಬಿಟ್ಟದ್ದೆಂದು ಅವರಿಗೆ ಚೆನ್ನಾಗಿ ಗೊತ್ತು. ಮಹಾಲಕ್ಷ್ಮೀಯವರ ಅಡುಗೆಮನೆಯ ಕಿಟಕಿಯ ಮೇಲೆ. ಆ ಬಾಗಿಲಿಗೆ ಮತ್ತೆ ಹೋಗಿ ನಿಲ್ಲಲಾರದೆ, ಗುರು ಕೊಟ್ಟ ಸಾಮಾನನ್ನು ಅವರು ಅಲ್ಲೇ ಬಿಟ್ಟುಕೊಂಡಿದ್ದರು.

ಅವರ ಕಸುಬು ವಿಚಿತ್ರದ್ದು. ಇಪ್ಪತ್ತು ವರ್ಷದ ಹಿಂದೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹೊಸ ಮನೆ ಕಟ್ಟಿದ ಅನುಕೂಲಸ್ಥರು ಅಡುಗೆಮನೆಗೆ ಪರದೇಶದ ಓವನ್, ಪಾತ್ರೆ ತೊಳೆಯುವ ಯಂತ್ರ, ಹೊಗೆ ಎಳೆಯುವ ಚಿಮಣಿ, ಗಾಜಿನ ಒಲೆ ತಂದು ಕೂರಿಸಿದರು. ಕೆಟ್ಟರೆ ಮೊದಮೊದಲು ಶಿವಮೊಗ್ಗದಿಂದ ಜನ ಬರುತ್ತಿತ್ತು, ಆಮೇಲೆ ಬೆಂಗಳೂರಿನಿಂದ, ಆಮೇಲೆ ಫೋನಿನಲ್ಲಿ ಬರೀ ಸಂಗೀತ. ಈಗ ಅಂಥ ಮನೆಗಳಲ್ಲಿ ಪಾತ್ರೆ ತೊಳೆಯುವ ಯಂತ್ರದೊಳಗೆ ಹಪ್ಪಳದ ಡಬ್ಬಿ ಇರುತ್ತದೆ. ನೆಂಟರು ಬಂದಾಗ ಓವನ್ನಿನ ಮೇಲೆ ಹೂವಿನ ಬಟ್ಟೆ ಇಳಿಬಿಡುತ್ತಾರೆ. "ಅಷ್ಟು ದೊಡ್ಡ ಯಂತ್ರ ಸುಮ್ನೆ ಕೂತಿದೆ ಅಂತ ಹೇಳೋಕೆ ಅವರಿಗೆ ನಾಚಿಕೆ. ನನ್ನ ಕರೆಸೋವಾಗ ದನಿ ಸಣ್ಣ ಮಾಡ್ತಾರೆ" ಎಂದು ಹೂವಪ್ಪ ನಗುತ್ತಾರೆ.

ವಾರಕ್ಕೆ ಆರು ದಿನ, ದಿನಕ್ಕೆ ಎರಡು ಇಲ್ಲವೇ ಮೂರು ಮನೆ, ಬೈಕಿನಲ್ಲೋ ಬಸ್ಸಿನಲ್ಲೋ ಎಂಬತ್ತು ಕಿಲೋಮೀಟರಿನ ಓಡಾಟ. ಚೀಲದ ತೂಕ ಹದಿನಾಲ್ಕು ಕೆ.ಜಿ. ಬಿಚ್ಚುವ ಮೊದಲು ಯಾವ ವೈರು ಎಲ್ಲಿತ್ತೆಂದು ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬರೆದಿಟ್ಟ ಹನ್ನೊಂದು ನೋಟ್‌ಬುಕ್ಕುಗಳು ಮನೆಯಲ್ಲಿವೆ. ಹತ್ತು ಯಂತ್ರ ಬಿಚ್ಚಿದರೆ ಏಳು ಅಲ್ಲೇ ಎದ್ದು ಕೂರುತ್ತವೆ. ಎರಡರ ಸರ್ಕ್ಯೂಟ್ ಬೋರ್ಡುಗಳು ಬಸ್ಸು ಹತ್ತಿ ಸಾಗರದ ಬಿಂದು ಅವರ ಕೈಗೆ ಹೋಗುತ್ತವೆ. ಒಂದು ಸತ್ತಿರುತ್ತದೆ.

"ಸತ್ತಿದೆ ಅಂತ ಹೇಳೋಕೆ ಈಗ ಮೂರು ಸಲ ಹೋಗ್ತೀನಿ ಆ ಮನೆಗೆ" ಅನ್ನುತ್ತಾರೆ. "ಮೊದ್ಲು ಒಂದೇ ಸಲಕ್ಕೆ ಹೇಳ್ತಿದ್ದೆ."

ಮಂಜು ಬಿಡುವ ಹೊತ್ತಿಗೆ ಅವರು ಸಾಗರದಲ್ಲಿ, ಬಿಂದು ಅವರ ಮನೆಯ ಮುಂದಿನ ಕೋಣೆಯಲ್ಲಿದ್ದಾರೆ. ಬಿಂದು ನಲವತ್ತರ ಹೆಂಗಸು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಟಿ.ವಿ. ರಿಪೇರಿಯಿಂದ ಶುರುಮಾಡಿ, ಈಗ ಯಾವ ದೇಶದ ಬೋರ್ಡನ್ನಾದರೂ ಬೆಳಕಿಗೆ ಹಿಡಿದು ಅದರ ಕಾಯಿಲೆ ಹೇಳುತ್ತಾರೆ. ಹೂವಪ್ಪನವರಿಗಾಗಿ ಎರಡು ತಿಂಗಳು ಹುಡುಕಿ ಅವರು ದೆಹಲಿಯಿಂದ ತರಿಸಿದ ಹೊಸ ಫ್ಯಾನ್ ಮೋಟರು ಮೇಜಿನ ಮೇಲಿದೆ.

"ತಗೊಳ್ಳಿ, ನಿಮ್ಮ ಪ್ರಾಯಶ್ಚಿತ್ತ" ಎಂದು ಬಿಂದು ಡಬ್ಬಿ ಮುಂದೆ ತಳ್ಳುತ್ತಾರೆ. "ಇದನ್ನ ನೇರ ಮಹಾಲಕ್ಷ್ಮಮ್ಮನ ಓವನ್ನಿಗೇ ಹಾಕಿ ಕೊಟ್ರೆ ಆಗ್ತಿತ್ತಲ್ಲ ಹೂವಪ್ಪಣ್ಣ? ಆಕೆ ಫ್ಯಾನು ಇರೋರ ಮನೆಗೆ ಹೋಗಿ ಮರ್ಯಾದೆ ಕಳ್ಕೊಳ್ಳೋದು ಎಂತಕ್ಕೆ?"

"ಆಕೆದು ಆಕೆಗೆ ಹೋಗ್ಬೇಕು ಬಿಂದಮ್ಮ."

"ಹಠ ನಿಮ್ದು."

"ಹಠ ಅಲ್ಲ. ಹೊಸದು ಹಾಕಿ ಕೊಟ್ರೆ ನಾನೇನೋ ಉಪಕಾರ ಮಾಡಿದ ಹಾಗೆ ಆಗ್ತದೆ."

ಬಿಂದು ಒಂದು ಲೋಟ ಕಾಫಿ ತಂದಿಟ್ಟು ತಮ್ಮ ಕೆಲಸಕ್ಕೆ ಕೂರುತ್ತಾರೆ.

ಊರಾಚೆ ಜೋಗದ ರಸ್ತೆಯ ಕಡೆಗಿರುವ ಮನೆ ಶ್ರೀಗೌರಿಯವರದು. ಹೂವಪ್ಪನವರ ಸಾಗರದ ಗಿರಾಕಿಗಳಲ್ಲಿ ಹಳಬರು. ಓವನ್ನಿನ ಮುಂದೆ ಚಾಪೆ ಹಾಸಿ ಕೂತ ಹೂವಪ್ಪನವರನ್ನು ಅವರು ಅನುಮಾನದಿಂದ ನೋಡುತ್ತಾರೆ.

"ನಾವು ಕರೆಸೇ ಇಲ್ಲ. ಓವನ್ನು ಚೆನ್ನಾಗೇ ಇದೆ. ಓಡೋ ಫ್ಯಾನು ಬಿಚ್ಚಿ ಹೊಸದು ಹಾಕ್ತೀನಿ ಅಂತೀರಿ, ಅದೂ ಪುಕ್ಕಟೆ. ಎಂತಕ್ಕೆ?"

ಹೂವಪ್ಪ ಟಾರ್ಚು ಆರಿಸಿ, ಅದನ್ನು ನೋಡುತ್ತಲೇ ಹೇಳುತ್ತಾರೆ. ಐದು ವರ್ಷದ ಹಿಂದೆ ಈ ಮನೆಯ ಫ್ಯಾನು ಸುಟ್ಟಾಗ, ತಮ್ಮ ಮನೆಯಲ್ಲಿ ಬಿಡಿಭಾಗಕ್ಕೆಂದು ಇಟ್ಟಿದ್ದ ಇನ್ನೊಂದು ಓವನ್ನಿನದನ್ನು ತಂದು ಹಾಕಿದ್ದು. ಒಂದೇ ಕಂಪನಿಯವು, ಸರಿಯಾಗಿ ಕೂತಿತು. ತಿಂಗಳು ಕಳೆದು ಶ್ರೀಗೌರಿಯವರೇ ಮತ್ತೆ ಕರೆಸಿದ್ದು. ಫ್ಯಾನು ಬದಲಾಗಿದ್ದರೂ ಓವನ್ನು ಬಿಸಿಯಾಗುತ್ತಿರಲಿಲ್ಲ.

"ನೆನಪಿದೆ" ಅನ್ನುತ್ತಾರೆ ಶ್ರೀಗೌರಿ. "ಗಾಳಿಮಳೆಗೆ ಮೂರು ದಿನ ಕರೆಂಟ್ ಇರಲಿಲ್ಲ ಆವಾಗ. ಲಿಂಗನಮಕ್ಕಿ ಡ್ಯಾಮು ಪಕ್ಕದಲ್ಲೇ ಇಟ್ಕೊಂಡು ನಾವು ಬುಡ್ಡಿದೀಪ ಹಚ್ಚಿದ್ವಿ."

ಆ ದಿನ ಹೂವಪ್ಪ ಇದೇ ಚಾಪೆಯ ಮೇಲೆ ಎರಡು ಗಂಟೆ ಹುಡುಕಿದರು. ಏನೂ ಸಿಗದೆ ಬಿಂದು ಅವರಿಗೆ ಫೋನು ಮಾಡಿದರು. ಬಿಂದು ಕೇಳಿದ್ದು ಒಂದೇ ಪ್ರಶ್ನೆ: ಮುಂದಿನ ಗಡಿಯಾರದಲ್ಲಿ ಸೊನ್ನೆಗಳು ಮಿಣುಕುತ್ತಾ ಇವೆಯಾ? ಮಿಣುಕುತ್ತಿದ್ದವು. ಹಾಗಾದರೆ ನಡುವಿನ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿಯಿರಿ, ಅಂದರು. ಒತ್ತಿದರು. ಓವನ್ನು ಬಿಸಿಯಾಯಿತು. ಈ ಜಾತಿಯ ಓವನ್ನುಗಳು ಕರೆಂಟು ಹೋಗಿ ಬಂದ ಮೇಲೆ, ಗಡಿಯಾರವನ್ನು ಮತ್ತೆ ಎಚ್ಚರಿಸುವ ತನಕ ಬಿಸಿಯಾಗುವುದಿಲ್ಲ. ಅದು ರೋಗವಲ್ಲ, ಅವುಗಳ ಸ್ವಭಾವ. ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ಆ ಪುಸ್ತಕ ಯಾವ ಭಾಷೆಯದೋ ಹೂವಪ್ಪನವರಿಗೆ ಗೊತ್ತಿರಲಿಲ್ಲ.

"ಅವತ್ತು ನೀವು ನಕ್ರಿ" ಎಂದು ಹೂವಪ್ಪ ಶ್ರೀಗೌರಿಯವರಿಗೆ ನೆನಪಿಸುತ್ತಾರೆ. "ಇಷ್ಟೇನಾ, ಎರಡು ಗುಂಡಿ ಒತ್ತೋಕೆ ಎರಡು ಗಂಟೆಯಾ ಅಂತ. ನಂಗೆ ನಗೋಕೆ ಆಗ್ಲಿಲ್ಲ. ಮಹಾಲಕ್ಷ್ಮಮ್ಮನ ಓವನ್ನಲ್ಲೂ ಸೊನ್ನೆ ಮಿಣುಕ್ತಾ ಇತ್ತು. ನಾನು ಕಣ್ಣಾರೆ ನೋಡಿದ್ದೆ. ನೋಡಿ, ಬೋರ್ಡು ಹೋಗಿದೆ, ಇದು ಸತ್ತಿದೆ ಅಂತ ಹೇಳಿ ಹೊತ್ಕೊಂಡು ಬಂದಿದ್ದೆ."

ಶ್ರೀಗೌರಿ ಪಡಸಾಲೆಯಲ್ಲಿದ್ದ ಗಂಡನ ಕಡೆ ತಿರುಗಿ ತಮ್ಮ ಮನೆಮಾತಿನಲ್ಲಿ ಹೇಳುತ್ತಾರೆ: "ಇಲ್ನೋಡಿ, ನಮ್ಮನೆ ಓವನ್ನಿನ ಫ್ಯಾನು ನಮ್ದಲ್ದಡ. ನಂಗೆ ಗೊತ್ತೇ ಇತ್ತಿಲ್ಲೆ." ಆಮೇಲೆ ಹೂವಪ್ಪನವರಿಗೆ, "ಐದು ವರ್ಷ ಇನ್ನೊಬ್ಬಳ ಗಾಳಿಯಲ್ಲಿ ಕೇಕು ಮಾಡಿ ಹೊಗಳಿಸಿಕೊಂಡೆನಲ್ಲ. ಬಿಚ್ಚಿ, ಬಿಚ್ಚಿ ಬೇಗ."

ಬಿಚ್ಚಿದ ಹಳೆಯ ಭಾಗವನ್ನು ಬಟ್ಟೆಯಲ್ಲಿ ಸುತ್ತಿ ಮನೆಯವರ ಕೈಗೇ ಕೊಟ್ಟು ಬರುವುದು ಹೂವಪ್ಪನವರ ಈಚಿನ ರೂಢಿ. ಕೆಟ್ಟದ್ದಾದರೂ ಅವರದು ಅವರ ಬಳಿ ಇರಲಿ ಎಂದು. ಇವತ್ತು ಉಲ್ಟಾ ಆಗಿದೆ. ಬಿಚ್ಚಿದ ಫ್ಯಾನನ್ನು ಶ್ರೀಗೌರಿ ತಾವೇ ಇಸಿದುಕೊಂಡು, ಸೋಪುನೀರಿನ ಬಟ್ಟೆಯಲ್ಲಿ ಐದು ವರ್ಷದ ಜಿಡ್ಡನ್ನೆಲ್ಲ ಒರೆಸಿ, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ಹೂವಪ್ಪನವರ ಕೈಗೆ ಕೊಡುತ್ತಾರೆ.

ಎಲ್ಲ ಮನೆಯಲ್ಲೂ ಹೀಗಾಗಲಿಲ್ಲ. ಮಹಾಲಕ್ಷ್ಮೀಯವರ ಓವನ್ನಿನ ಬಾಗಿಲ ಗಾಜು ಹೊಸನಗರದ ಒಂದು ಮನೆ ಸೇರಿತ್ತು, ಶಾಖ ಹಿಡಿತದಲ್ಲಿಡುವ ಥರ್ಮೋಸ್ಟಾಟು ತೀರ್ಥಹಳ್ಳಿಯ ಇನ್ನೊಂದು ಮನೆ. ಹೊಸನಗರದವರು ಗಾಜು ಬದಲಿಸಲು ತಕರಾರು ಮಾಡಲಿಲ್ಲ. ತೀರ್ಥಹಳ್ಳಿಯ ಯಜಮಾನರು ಮಾತ್ರ ಎದ್ದು ನಿಂತು, "ಬೇರೆಯವರ ಮಾಲು ತಂದು ನನ್ನ ಮನೆಗೆ ಹಾಕಿದ್ಯಾ?" ಎಂದು ಅಂಗಳಕ್ಕೆ ಕೇಳುವಂತೆ ಅಂದರು. "ಹೌದು" ಎಂದು ಹೂವಪ್ಪ ತಲೆ ತಗ್ಗಿಸಿ ಕೆಲಸ ಮುಗಿಸಿ ಬಂದರು. ಆ ಮನೆಯಿಂದಾಗಲಿ, ಅವರ ನಾಲ್ಕು ನೆಂಟರ ಮನೆಗಳಿಂದಾಗಲಿ ಮತ್ತೆ ಫೋನು ಬಂದಿಲ್ಲ.

ತಪ್ಪು ತಿಳಿದು ಐದು ವರ್ಷವಾಗಿದ್ದರೂ ಅವರು ಈ ಭಾಗಗಳನ್ನು ಕೂಡಿಸಲು ಹೊರಟಿದ್ದು ಕಳೆದ ಆಷಾಢದಲ್ಲಿ. ನಾಲ್ಕು ವರ್ಷ ಅವರು ಓವನ್ನಿನ ಮೇಲೆ ಒಂದು ಜಮಖಾನ ಹೊದೆಸಿ, ಅದರ ಕಡೆ ಬೆನ್ನು ಹಾಕಿ ಕೆಲಸ ಮಾಡಿದರು. ಕವಲೇದುರ್ಗದ ದಾರಿಯ ಯಾವ ಮನೆಯಿಂದ ಕರೆ ಬಂದರೂ ಪುರಸೊತ್ತಿಲ್ಲ ಅಂದರು.

ಮಹಾಲಕ್ಷ್ಮೀ ಸಿರಿವಂತೆಯಲ್ಲ. ತೀರ್ಥಹಳ್ಳಿ ಕಡೆಯ ಒಂದು ಎಸ್ಟೇಟ್ ಬಂಗಲೆಯಲ್ಲಿ ಹದಿನಾರು ವರ್ಷ ಅಡುಗೆ ಮಾಡಿದವರು. ಬಂಗಲೆಯವರು ಮಾರಿ ಹೋಗುವಾಗ ಆ ಓವನ್ನನ್ನು ಅವರ ಕೈಗಿಟ್ಟರು. ಅದಕ್ಕಾಗಿ ಅವರು ಮನೆಗೆ ದಪ್ಪ ವೈರು ಎಳೆಸಿ ಪವರ್ ಪ್ಲಗ್ ಹಾಕಿಸಿದರು. ರಾಗಿ ಬಿಸ್ಕತ್ತು, ರಸ್ಕು, ಜೀರಿಗೆ ಬನ್ನು. ವಾರಕ್ಕೆರಡು ಸಲ ತೀರ್ಥಹಳ್ಳಿಯ ಒಂದು ಬೇಕರಿಗೆ, ಭಾನುವಾರ ಕೋಟೆ ನೋಡಲು ಬರುವವರಿಗೆ. ಮೂರು ವರ್ಷ ಹಾಗೆ ನಡೆಯಿತು. ಓವನ್ನು ಸತ್ತಿದೆ ಎಂದು ಹೂವಪ್ಪ ಹೇಳಿದ ಮೇಲೆ ಅವರು ಅಡಿಕೆ ಸುಲಿಯಲು ಹೋಗತೊಡಗಿದರು.

ಆಷಾಢದ ಒಂದು ಮಧ್ಯಾಹ್ನ ತೀರ್ಥಹಳ್ಳಿಯ ಬಸ್ಸಿನಲ್ಲಿ ಅವರೇ ಹೂವಪ್ಪನವರನ್ನು ಗುರುತಿಸಿದರು. ಬುಟ್ಟಿ ಮಡಿಲಿಗೆತ್ತಿಕೊಂಡು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ನನ್ನ ಓವನ್ನು ಯಾರಿಗಾದ್ರೂ ಉಪಯೋಗಕ್ಕೆ ಬಂತಾ ಹೂವಪ್ಪಣ್ಣ?"

"ಬಂತು. ಮೂರು ಮನೆಗೆ ಬಂತು."

"ಆಗ್ಲಿ ಬಿಡಿ, ಮಣ್ಣಿಗೆ ಹೋಗೋದಕ್ಕಿಂತ. ನಿಮ್ಮ ಸ್ಕ್ರೂಡ್ರೈವರ್ ನಮ್ಮನೇಲೇ ಇದೆ. ಆ ಕಡೆ ಬಂದ್ರೆ ತಗೊಂಡು ಹೋಗಿ."

"ಬರ್ತೀನಿ" ಎಂದು ಹೂವಪ್ಪ ತಮ್ಮ ಸ್ಟಾಪಿಗಿಂತ ಎರಡು ಸ್ಟಾಪು ಮೊದಲೇ ಇಳಿದುಬಿಟ್ಟರು. ಮಳೆಯಲ್ಲಿ ಉಳಿದ ದಾರಿ ನಡೆದರು. ಅವತ್ತೇ ಸಂಜೆ ಜಮಖಾನ ತೆಗೆದರು.

ಈಗ ಮಧ್ಯಾಹ್ನ. ರಿಪ್ಪನ್‌ಪೇಟೆಯ ತಗಡಿನ ಮಾಡಿನ ಕೆಳಗೆ ಫ್ಯಾನು ತನ್ನ ಹಳೆಯ ಜಾಗದಲ್ಲಿ ಕೂರುತ್ತದೆ. ನಾಲ್ಕು ಸ್ಕ್ರೂ. ಹೂವಪ್ಪ ಕರೆಂಟು ಕೊಡುತ್ತಾರೆ, ಸೊನ್ನೆಗಳು ಮಿಣುಕುತ್ತವೆ, ಎರಡು ಗುಂಡಿ ಒತ್ತಿ ಅರ್ಧ ಗಂಟೆ ಕಾಯಿಸಿ ನೋಡುತ್ತಾರೆ. ತುಂಗಮ್ಮ ಬಂದು ಗಾಜಿಗೆ ಅಂಗೈ ಹಿಡಿದು, "ಬೈದ್ರೆ ಬೈಸ್ಕೊಂಡು ಬನ್ನಿ. ತಿರುಗಿ ಮಾತಾಡ್ಬೇಡಿ" ಅನ್ನುತ್ತಾರೆ.

"ಬೈದ್ರೆ ಒಳ್ಳೇದಿತ್ತು" ಎಂದು ಹೂವಪ್ಪ ಪ್ಲಗ್ಗು ಕೀಳುತ್ತಾರೆ.

ಅದೇ ಊರಿನ ವಿನೋದನ ಲಗೇಜ್ ಆಟೋದಲ್ಲಿ, ಎರಡು ಹಳೆಯ ಹಾಸಿಗೆಗಳ ನಡುವೆ ಓವನ್ನು ಹೊರಡುತ್ತದೆ. ಹೂವಪ್ಪ ಮುಂದೆ ಕೂರದೆ ಹಿಂದೆ ಓವನ್ನನ್ನು ಹಿಡಿದುಕೊಂಡು ಕೂರುತ್ತಾರೆ. ದಾರಿಯುದ್ದಕ್ಕೂ ವಿನೋದ ಏನೇನೋ ಕೇಳುತ್ತಾನೆ, ಗಾಳಿಗೆ ಕೇಳಿಸದವರಂತೆ ಇವರು ಇರುತ್ತಾರೆ. ಕೋಟೆಗುಡ್ಡದ ನೆರಳು ಗದ್ದೆಗೆ ಬಿದ್ದಿರುವ ಹೊತ್ತಿಗೆ ಆಟೋ ಆ ಮನೆಯ ಮುಂದೆ ನಿಲ್ಲುತ್ತದೆ. ಮಹಾಲಕ್ಷ್ಮೀ ಆಗಷ್ಟೇ ಕೆಲಸದಿಂದ ಬಂದು, ಅಡಿಕೆಯ ಕಪ್ಪು ಹತ್ತಿದ ಕೈಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿಕೊಳ್ಳುತ್ತಿದ್ದಾರೆ.

"ಬಂದ್ರಾ ಹೂವಪ್ಪಣ್ಣ" ಅನ್ನುತ್ತಾರೆ. ಆಟೋದಲ್ಲಿರುವುದನ್ನು ನೋಡಿದ ಮೇಲೆ ಕೈ ತೊಳೆದುಕೊಂಡು ಬಾಗಿಲನ್ನು ಪೂರ್ತಿ ತೆರೆಯುತ್ತಾರೆ.

ವಿನೋದನೂ ಹೂವಪ್ಪನವರೂ ಓವನ್ನನ್ನು ಒಳಗೆ ಹೊತ್ತು ತಂದು ಅದರ ಹಳೆಯ ಕಟ್ಟೆಯ ಮೇಲೆ ಇಳಿಸುತ್ತಾರೆ. ಕಟ್ಟೆಯ ಮೇಲಿದ್ದ ಅಕ್ಕಿಡಬ್ಬ ಕೆಳಗಿಳಿಯುತ್ತದೆ. ಪವರ್ ಪ್ಲಗ್ಗಿನ ಮೇಲೆ ಧೂಳು ಹೋಗದಂತೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಮಹಾಲಕ್ಷ್ಮೀ ತಾವೇ ಕಿತ್ತು ತೆಗೆಯುತ್ತಾರೆ. ಸ್ವಿಚ್ಚು ಹಾಕಿದ ಕೂಡಲೇ ಹಸಿರು ಸೊನ್ನೆಗಳು ಮಿಣುಕತೊಡಗುತ್ತವೆ.

ಹೂವಪ್ಪ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. "ನೀವೇ ಒತ್ತಿ. ನಡುವಿನ ಎರಡು. ಒಟ್ಟಿಗೆ."

ಅವರು ಒತ್ತುತ್ತಾರೆ. ಮಿಣುಕುವುದು ನಿಂತು, ಒಳಗೆ ದೀಪ ಹತ್ತಿ, ಫ್ಯಾನು ತಿರುಗುತ್ತದೆ.

"ಅವತ್ತೂ ಆಗಿದ್ದು ಇಷ್ಟೇ" ಎಂದು ಹೂವಪ್ಪ ಹೇಳುತ್ತಾರೆ. "ಕರೆಂಟ್ ಹೋಗಿ ಗಡಿಯಾರ ನಿಂತಿತ್ತು. ನಂಗೆ ಗೊತ್ತಾಗ್ಲಿಲ್ಲ. ಗೊತ್ತಾಗ್ತಿಲ್ಲ ಅಂತ ಹೇಳೋಕೆ ನಾಚಿಕೆಯಾಗಿ, ಸತ್ತಿದೆ ಅಂದೆ. ಮರುವರ್ಷವೇ ಗೊತ್ತಾಯ್ತು. ಆವಾಗ್ಲೂ ಬರಲಿಲ್ಲ."

ಮಹಾಲಕ್ಷ್ಮೀ ಗಾಜಿನ ಮುಂದೆ ಕೈ ಹಿಡಿದು ನಿಂತಿದ್ದಾರೆ. ಬಿಸಿ ಬರಲು ಸ್ವಲ್ಪ ಹೊತ್ತು ಬೇಕು.

"ಇಷ್ಟೇನಾ?" ಎಂದು ಕೊನೆಗೆ ಕೇಳುತ್ತಾರೆ.

"ಇಷ್ಟೇ."

"ಇದನ್ನ ಬಸ್ಸಲ್ಲೇ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು."

"ಆ ಬೇಕರಿಯವರು ಈಗ ಶಿವಮೊಗ್ಗದಿಂದ ತರಿಸ್ತಾರೆ. ಇನ್ನು ನಂದು ತಗೊಳ್ತಾರೋ ಇಲ್ವೋ." ದನಿಯಲ್ಲಿ ಸಿಟ್ಟಿಲ್ಲ, ಲೆಕ್ಕ ಹಾಕುವವರ ದನಿ ಅದು. "ಭಾನುವಾರದ ಜನ ಇದಾರೆ. ನೋಡೋಣ."

ಹೂವಪ್ಪ ತಲೆಯೆತ್ತುವುದಿಲ್ಲ. ಹೊರಗೆ ವಿನೋದ ಆಟೋ ತಿರುಗಿಸುತ್ತಿರುವ ಸದ್ದು. ಮಹಾಲಕ್ಷ್ಮೀ ಕೈ ಒರೆಸಿಕೊಂಡು ಒಳಕೋಣೆಗೆ ಹೋಗಿ, ಒಂದು ಬಟ್ಟೆಯ ಸುರುಳಿ ತರುತ್ತಾರೆ. ಬಿಚ್ಚಿದರೆ ಮೊಳದುದ್ದದ ಸ್ಕ್ರೂಡ್ರೈವರು. ಬೀಟೆಯ ಹಿಡಿ ಮಿರುಗುತ್ತಿದೆ, ಕಬ್ಬಿಣಕ್ಕೆ ಒಂದು ಚುಕ್ಕೆ ತುಕ್ಕಿಲ್ಲ.

"ಕಿಟಕಿ ಮೇಲೆ ಬಿಟ್ಟು ಹೋಗಿದ್ರಿ. ಮಳೆಗಾಲ ಶುರುವಾಗೋ ಮುಂಚೆ ಪ್ರತಿ ವರ್ಷ ಕೊಬ್ಬರಿ ಎಣ್ಣೆ ಹಚ್ಚಿ ಇಟ್ಟಿದೀನಿ. ಕೆಲಸದ ಸಾಮಾನು, ಬರ್ತಾರೆ ಅಂದ್ಕೊಂಡಿದ್ದೆ."

ಹೂವಪ್ಪ ಎರಡೂ ಕೈ ಚಾಚುತ್ತಾರೆ. ಆಕೆ ಅದನ್ನು, ಹಿಡಿಯ ಕಡೆ ಅವರಿಗೆ ಬರುವಂತೆ ತಿರುಗಿಸಿ, ಅವರ ಅಂಗೈಗಳ ಮೇಲೆ ಇಡುತ್ತಾರೆ.